ಮೊದಲ ಗಾಲಿ ಯಾರದು

ಯಂಕಂಚಿ, ಹೊರಡುವ ಮೊದಲು

ಐಸ್‌ಲ್ಯಾಂಡಿಗೆ ಪ್ರವಾಸ ಹೊರಟಿದ್ದೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ನಿಜ ಹೇಳಬೇಕೆಂದರೆ ನಾನು ಯಂಕಂಚಿಯ ನೀಲವ್ವನಿಂದ ತಪ್ಪಿಸಿಕೊಂಡು ಹೋದೆ. ಎಪ್ಪತ್ತು ದಾಟಿದ ಹೆಂಗಸಿಗೆ ಹೆದರಿ ಭೂಮಿಯ ತುದಿ ಮುಟ್ಟಿ ಬಂದವನು ಇಡೀ ಸಿಂದಗಿ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ನನ್ನ ಹೆಸರು ಲಾಲಸಾಬ, ಉದ್ಯೋಗ ಭೂಮಾಪನ. ಜನ ಕರೆಯುವುದು ಸರ್ವೇ ಸಾಹೇಬ್ರು ಎಂದು. ವಾರದಲ್ಲಿ ಆರು ದಿನ ಮಂದಿಯ ಹೊಲ ಅಳೆಯುತ್ತೇನೆ, ಏಳನೆಯ ದಿನ ನನ್ನ ಹಳೆಯ ಕೆಂಪು ಜೀಪು ಹತ್ತುತ್ತೇನೆ. ಇಂಡಿ ಪಟ್ಟಣದ ನಿಂಬೆಹಣ್ಣಿನ ವ್ಯಾಪಾರಿಯೊಬ್ಬ, ಬಸವನ ಬಾಗೇವಾಡಿಯ ಮಾಸ್ತರೊಬ್ಬರು, ಮುದ್ದೇಬಿಹಾಳದ ಗ್ಯಾರೇಜಿನವನೊಬ್ಬ, ಎಲ್ಲರ ಹತ್ತಿರವೂ ನನ್ನದರಷ್ಟೇ ಮುದಿ ಜೀಪುಗಳಿವೆ. ಡಾಂಬರು ಬಿಟ್ಟು ಹಳ್ಳ, ಗುಡ್ಡ, ಕೆಸರು ಎಂದು ಅಲೆಯುವುದು ನಮ್ಮ ಹುಚ್ಚು. ಈ ಹುಚ್ಚಿನಲ್ಲಿ ನನಗೊಂದು ಹುದ್ದೆಯೂ ಇದೆ: ಕಾಯ್ದೆಶೀರ ದಾರಿ ಹುಡುಕಿಕೊಡುವುದು.

ಹಳೆಯ ಗ್ರಾಮ ನಕಾಶೆಗಳಲ್ಲಿ ಒಂಟಿ ಚುಕ್ಕಿಸಾಲು ಎಂದರೆ ಕಾಲುದಾರಿ, ಜೋಡಿ ಚುಕ್ಕಿಸಾಲು ಎಂದರೆ ಬಂಡಿದಾರಿ. ಈ ಬಂಡಿದಾರಿಗಳನ್ನು ನಾವು ಕಚೇರಿಯವರು 'ನಕಾಶೆ ಕಂಡ ದಾರಿ' ಎನ್ನುತ್ತೇವೆ. ಅಲ್ಲಿ ಯಾರು ಬೇಕಾದರೂ ಗಾಡಿ ಹೊಡೆಯಬಹುದು, ಯಾರಪ್ಪನ ಅಪ್ಪಣೆಯೂ ಬೇಡ. ನಕಾಶೆಯಲ್ಲಿ ಇಲ್ಲದೆ, ಬಹಳ ದಿನ ಮಂದಿ ತುಳಿದು ತುಳಿದು ಬಿದ್ದದ್ದು ವಹಿವಾಟಿನ ದಾರಿ. ನಮ್ಮ ಕಡೆ ಹೊಡೆದಾಟಗಳೆಲ್ಲ ಶುರುವಾಗುವುದು ಈ ಎರಡರ ನಡುವೆ.

ಹಿಂದಿನ ಮಳೆಗಾಲದಲ್ಲಿ ಯಂಕಂಚಿಯ ಜೋಡಿ ಚುಕ್ಕಿಸಾಲಿನ ಮೇಲೆ ನಾಲ್ಕೂ ಜೀಪು ಹೊರಟಿದ್ದೆವು. ಮುಂದೆ ನಾನು. ದಾರಿಯಲ್ಲಿ ಎರಿ, ಅಂದರೆ ನಮ್ಮ ಕಡೆಯ ಕಪ್ಪು ಮಣ್ಣಿನ ಕೆಸರು ಕೂತಿತ್ತು. ಎರಿ ಕೆಸರಿಗೆ ಇಳಿದ ಗಾಲಿ ಮೇಲೆ ಬರಬೇಕಾದರೆ ಎತ್ತು ಬರಬೇಕು. ನಾನು ಸ್ಟೇರಿಂಗ್ ತಿರುವಿ ಪಕ್ಕದ ಹೊಲಕ್ಕೆ ಇಳಿಸಿದೆ. ಹತ್ತು ಮಾರು ಹೋಗಿ ಮೇಲೆ ಹತ್ತುವುದೆಂದು ಲೆಕ್ಕ. ಹೋಗುತ್ತ ಹೋಗುತ್ತ ಅರವತ್ತು ಮಾರು ಆಯಿತು. ಹಿಂದಿನ ಮೂವರೂ ನನ್ನ ಗಾಲಿಗೆ ಗಾಲಿ ಇಟ್ಟು ಬಂದರು. ಮರುವಾರ ಯಾರದೋ ಟ್ರ್ಯಾಕ್ಟರು, ಆಮೇಲೆ ಕಬ್ಬಿನ ಗಾಡಿ, ಮೋಟರ್ ಸೈಕಲ್ಲು. ವರ್ಷ ತುಂಬುವುದರೊಳಗೆ ನಿಜವಾದ ಬಂಡಿದಾರಿಯನ್ನು ಜಾಲಿ ನುಂಗಿತು, ನೀಲವ್ವನ ಕಡಲೆ ಹೊಲದ ನಟ್ಟನಡುವೆ ಹೊಸ ಹಾದಿ ಬಿದ್ದಿತು.

ಆಕೆಯ ಅರ್ಜಿ ನೇರ ನನ್ನ ಟೇಬಲ್ಲಿಗೇ ಬಂತು. ಅರ್ಜಿಯ ಹಿಂದೆ ಆಕೆಯೂ ಬಂದಳು.

"ಸಾಹೇಬ್ರ, ನನ್ನ ಹೊಲದಾಗ ಹಾದಿ ಬಿದ್ದೈತ್ರಿ. ನಕಾಶಾದಾಗ ಐತೇನು ನೋಡಿ ಬರೀರಿ. ಇದ್ರ ಬಿಟ್ಟುಬಿಡ್ತೇನಿ. ಇಲ್ಲಂದ್ರ ಯಾರು ಮಾಡ್ಯಾರ ಅಂತನೂ ಬರೀರಿ."

"ಯಾರು ಮಾಡ್ಯಾರ ಅಂತ ಬರಿಯಾಕ ನಮ್ಮ ಫಾರ್ಮಿನ್ಯಾಗ ಜಾಗಾ ಇಲ್ಲಬೇ ಯವ್ವಾ."

"ಹಂಗಾರ ಅಂಚಿನ್ಯಾಗ ಬರೀರಿ."

ನಾನು 'ವಹಿವಾಟಿನಲ್ಲಿದೆ' ಎಂದು ಒಂದು ಮಾತು ಬರೆದರೆ ಆಕೆಯ ಹೊಲ ಕಾಯಂ ಎರಡು ಹೋಳು. 'ಇಲ್ಲ' ಎಂದು ಬರೆದರೆ ಆ ಅಂಚಿನ ಪ್ರಶ್ನೆ ಬಾಯಿ ತೆರೆದುಕೊಂಡು ಕೂರುತ್ತದೆ. ಎರಡೂ ಬೇಡವೆಂದು ನಾನು ಮೂರನೆಯದನ್ನು ಬರೆದೆ: ರಜೆಯ ಅರ್ಜಿ. ಸರ್ಕಾರಿ ನೌಕರ ಹೊರದೇಶಕ್ಕೆ ಹೋಗಲು ಬೇಕಾದ ಪರವಾನಗಿ ಬರಲು ತಿಂಗಳುಗಳೇ ಹಿಡಿಯುತ್ತವೆ ಎಂದು ಕೇಳಿದ್ದೆ. ನನ್ನ ಪುಣ್ಯವೋ ಪಾಪವೋ, ಬೇಗನೆ ಬಂತು.

ರೊಟ್ಟಿ ಬಡಿದು ನೋಡಿದ ಅಧಿಕಾರಿ

ನಮ್ಮವರು ದೂರ ಹೊರಟರೆ ಖಡಕ್ ರೊಟ್ಟಿ ಬಿಟ್ಟು ಹೋಗುವುದಿಲ್ಲ. ನನ್ನ ಹೆಂಡತಿ ಅರವತ್ತು ರೊಟ್ಟಿ ಕಟ್ಟಿದ್ದಳು, ಜೊತೆಗೆ ಶೇಂಗಾ ಚಟ್ನಿ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ನೀಲಿ ಅಂಗಿಯ ಅಧಿಕಾರಿ ಗಂಟು ಬಿಚ್ಚಿಸಿದ. ಒಂದು ರೊಟ್ಟಿ ಎತ್ತಿ ಟೇಬಲ್ಲಿಗೆ ಬಡಿದ. ಟಕ್ ಟಕ್ ಎಂದಿತು. ಇದೇನು ಎಂದ. ಊಟ ಎಂದೆ. ಅವನು ನನ್ನ ಮುಖ ನೋಡಿದ, ರೊಟ್ಟಿಯನ್ನು ನೋಡಿದ, ಇನ್ನೊಮ್ಮೆ ಬಡಿದ. ಕೊನೆಗೆ ನಾನೇ ಒಂದು ಚೂರು ಮುರಿದು ಅಗಿದು ತೋರಿಸಿದೆ. ಆ ಸದ್ದಿಗೆ ಹಿಂದಿನ ಸಾಲಿನವರೂ ತಿರುಗಿ ನೋಡಿದರು. ಅವನು ನಕ್ಕು, ಉಸಿರನ್ನು ಒಳಗೆಳೆದುಕೊಂಡು 'ಯಾವ್' ಎಂದು ಹೋಗಲು ಬಿಟ್ಟ.

ಪಾಪ, ದಮ್ಮಿನ ರೋಗ ಇರಬೇಕು ಎಂದುಕೊಂಡೆ. ಹೊರಗೆ ಟ್ಯಾಕ್ಸಿಯವನೂ ಹಾಗೆಯೇ ಮಾಡಿದ. ಅಂಗಡಿಯ ಹೆಂಗಸೂ ಮಾಡಿದಳು. ಇಡೀ ದೇಶಕ್ಕೇ ದಮ್ಮು ಹತ್ತಿದೆ ಎಂದು ನಾನು ಮರುಗುತ್ತಿರುವಾಗ ಅಲ್ಲೇ ನೆಲೆಸಿರುವ ನನ್ನ ಗೆಳೆಯ ಮಲ್ಲೇಶಿ ಬಿಡಿಸಿ ಹೇಳಿದ. ಅಲ್ಲಿಯ ಜನ 'ಹೌದು' ಅನ್ನುವುದನ್ನು ಉಸಿರು ಒಳಗೆ ಎಳೆದುಕೊಳ್ಳುತ್ತಲೇ ಅನ್ನುತ್ತಾರಂತೆ.

ಮಲ್ಲೇಶಿಯ ಅಡುಗೆಮನೆ

ಮಲ್ಲೇಶಿ ತಾಳಿಕೋಟೆಯವನು. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಹಡಗಿನಲ್ಲಿ ಅಡುಗೆಯವನಾಗಿ ಹೋದವನು ಸುತ್ತಿ ಸುತ್ತಿ ಇಲ್ಲಿಗೆ ಬಂದು, ಗುಡ್ಡಗಾಡಿನ ಅಂಚಿನಲ್ಲಿರುವ ಒಂದು ವಸತಿಗೃಹದಲ್ಲಿ ಒಲೆ ಹಿಡಿದಿದ್ದಾನೆ. ಮಧ್ಯಾಹ್ನ ಮೀನಿನ ಸಾರು, ಸಂಜೆ ಯಾರೂ ನೋಡದಂತೆ ಕಡಲೆಹಿಟ್ಟಿನ ಜುಣಕ. ನನ್ನ ಗಂಟಿನ ರೊಟ್ಟಿಯನ್ನು ಕಣ್ಣಿಗೆ ಒತ್ತಿಕೊಂಡು, ಎರಡನ್ನು ಅಲ್ಲೇ ನಿಂತು ತಿಂದ. ಆಮೇಲೆ ಬಾಗಿಲ ಹೊರಗೆ ನಿಂತ ತನ್ನ ದೊಡ್ಡ ಗಾಲಿಯ ಗಾಡಿ ತೋರಿಸಿದ.

"ಯಾವಾಗ ಹೊಂಡೂದಲೇ?" ಎಂದು ಕೇಳಿದೆ.

"ಮೊದಲ ನಕಾಶಾ ನೋಡೂಣು. ಇಲ್ಲಿ ಸುಮ್ಮನ ಹೊಡದ್ರ ಆಗೂದಿಲ್ಲ ಮಗನ. ದಾರಿ ಬಿಟ್ಟು ಒಂದು ಗಾಲಿ ಇಳಿಸಿದ್ರ ಕೇಸ್ ಆಕ್ಕೈತಿ."

ಗೋಡೆಯ ಮೇಲಿದ್ದ ನಕಾಶೆ ನೋಡಿ ನನಗೆ ತವರಿಗೆ ಬಂದಂತಾಯಿತು. ಡಾಂಬರಿಗೊಂದು ಗೆರೆ, ಗುಡ್ಡದ ದಾರಿಗೊಂದು ಗೆರೆ, ಹಿಮ ಕರಗದೆ ಇನ್ನೂ ತೆರೆಯದ ದಾರಿಗೊಂದು ಗುರುತು. ಗೆರೆ ಇಲ್ಲದ ಕಡೆ ನೆಲದ ಮೇಲೆ ಎಷ್ಟು ಚೆಂದದ ಗಾಲಿಜಾಡು ಕಂಡರೂ ಅದು ದಾರಿಯಲ್ಲ, ಯಾರೋ ಮಾಡಿದ ತಪ್ಪು. ಅಂದರೆ ಈ ದೇಶದಲ್ಲಿ ವಹಿವಾಟಿನ ದಾರಿ ಎಂಬುದೇ ಇಲ್ಲ! ಹಾಗಾದರೆ ಇಲ್ಲಿಯ ವಕೀಲರು ಹೊಟ್ಟೆಗೆ ಏನು ತಿನ್ನುತ್ತಾರೆ ಎಂದು ಕೇಳಿದೆ. ಮೀನು ಎಂದ ಮಲ್ಲೇಶಿ.

ಆ ದಿನಗಳಲ್ಲಿ ಅಲ್ಲಿ ರಾತ್ರಿ ಎಂಬುದೂ ಇರಲಿಲ್ಲ. ಸೂರ್ಯ ಮುಳುಗಿದಂತೆ ಮಾಡಿ ಎದ್ದು ಬರುತ್ತಿದ್ದ. ನಾನು ಐದು ಹೊತ್ತಿನ ನಮಾಜನ್ನು ಯಾವ ಹೊತ್ತಿಗೆ ಮಾಡಲಿ? ಕೈಗಡಿಯಾರವನ್ನು ಸಿಂದಗಿಯ ವೇಳೆಗೇ ಬಿಟ್ಟು ಅದರಂತೆ ನಡೆದೆ. ದೇವರಿಗೆ ನನ್ನ ಕಷ್ಟ ತಿಳಿಯುತ್ತದೆ ಎಂದು ನಂಬಿದೆ.

ಬಿಸಿನೀರಿನ ಕೊಳ

ಊರಿಗೊಂದು ಬಿಸಿನೀರಿನ ಕೊಳ. ನಮ್ಮಲ್ಲಿ ಚಹಾದಂಗಡಿ ಹೇಗೋ ಅವರಿಗೆ ಕೊಳ ಹಾಗೆ. ಕುತ್ತಿಗೆಯ ತನಕ ನೀರಿನಲ್ಲಿ ಕೂತು ಊರ ಸುದ್ದಿ ಮಾತಾಡುತ್ತಾರೆ. ನಾನೂ ಹೊಸ ಚಡ್ಡಿ ಹಾಕಿಕೊಂಡು ಉತ್ಸಾಹದಿಂದ ಹೊರಟೆ. ಒಳಗೆ ಒಬ್ಬ ಬಿಳಿಗಡ್ಡದ ಮುದುಕ ತಡೆದು ಗೋಡೆಯ ಚಿತ್ರ ತೋರಿಸಿದ. ಕೊಳಕ್ಕೆ ಇಳಿಯುವ ಮೊದಲು ಮೈ ತೊಳೆಯಬೇಕಂತೆ. ಸರಿ, ತೊಳೆಯೋಣ. ಆದರೆ ಚಡ್ಡಿ ಇಲ್ಲದೆ ತೊಳೆಯಬೇಕಂತೆ, ಹತ್ತು ಜನರ ಎದುರಿಗೆ.

ನಾನು ಮೂಲೆಗೆ ತಿರುಗಿ ನಿಂತು, ನಮ್ಮ ಹಳ್ಳದ ದಂಡೆಯಲ್ಲಿ ಮಾಡುವಂತೆ ಟವೆಲ್ಲಿನೊಳಗೇ ಎಲ್ಲ ಮುಗಿಸಲು ನೋಡಿದೆ. ಮುದುಕ ಬಿಡಲಿಲ್ಲ. ಟವೆಲ್ಲು ಕಸಿದು ಗೂಟಕ್ಕೆ ಹಾಕಿ, ಸಾಬೂನು ಕೈಗಿಟ್ಟು, ಶಾಲೆಯ ಇನ್‌ಸ್ಪೆಕ್ಟರನಂತೆ ಪಕ್ಕದಲ್ಲೇ ನಿಂತ. ಅಷ್ಟು ವರ್ಷ ಮಂದಿಯ ಆಸ್ತಿಯನ್ನು ಬಯಲಿನಲ್ಲಿ ಅಳೆದವನಿಗೆ ಇದು ಆಗಬೇಕಾದದ್ದೇ ಎಂದು ಮಲ್ಲೇಶಿ ದಿನವಿಡೀ ನಕ್ಕ. ನೀರಿಗೆ ಇಳಿದ ಮೇಲೆ ಆ ಮುದುಕನೇ ಸ್ನೇಹ ಮಾಡಿದ. ಒಬ್ಬರು ತಪ್ಪಿಸಿದರೆ ಎಲ್ಲರ ನೀರೂ ಕೆಡುತ್ತದಲ್ಲ ಎಂದ. ನನಗೆ ಆಗ ನೀಲವ್ವ ನೆನಪಾಗಬಾರದಿತ್ತು, ಆದರೆ ನೆನಪಾದಳು.

ಹಳದಿ ತಲೆಯ ಗೂಟಗಳು

ಮೂರನೆಯ ದಿನ ಗುಡ್ಡದ ದಾರಿಗೆ ಹೊರಟೆವು. ದಾರಿಯ ಬಾಯಿಯಲ್ಲಿ ಪುಟ್ಟ ಚೌಕಿ. ಅಲ್ಲಿ ನಾರಿನಂಥ ಕೂದಲಿನ, ಅಗಲ ಹೆಗಲಿನ ಕಾವಲುಗಾರ್ತಿ ನಮ್ಮನ್ನು ನಿಲ್ಲಿಸಿ ಪಾಠ ಒಪ್ಪಿಸಿದಳು. ಹಳದಿ ತಲೆಯ ಗೂಟಗಳ ಸಾಲನ್ನು ಬಿಡಬಾರದು. ನೀರು ನಿಂತಿದ್ದರೆ ನಿಧಾನವಾಗಿ ನೀರಿನಲ್ಲೇ ಹೋಗಬೇಕು, ಪಕ್ಕಕ್ಕೆ ಇಳಿಯಬಾರದು. ಆಗದು ಎನಿಸಿದರೆ ಬಂದ ದಾರಿಯಲ್ಲೇ ತಿರುಗಿ ಬರಬೇಕು, ತಿರುಗಿ ಬಂದವರನ್ನು ನೋಡಿ ಇಲ್ಲಿ ಯಾರೂ ನಗುವುದಿಲ್ಲ. ನಾನು ಕಲಿತವನಂತೆ ಉಸಿರು ಒಳಗೆಳೆದು 'ಯಾವ್' ಎಂದೆ. ಅವಳಿಗೆ ಖುಷಿಯಾಯಿತು.

ಗೂಟಗಳನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ ಸಂಜೆ ಹೊಲದ ಗಡಿಗೆ ನೆಟ್ಟ ಬಾಂದುಕಲ್ಲು ಬೆಳಿಗ್ಗೆ ಯಾರದೋ ಮನೆಯ ಬಟ್ಟೆ ಒಗೆಯುವ ಕಲ್ಲಾಗಿರುತ್ತದೆ. ಇಲ್ಲಿ ಮೈಲಿಗಟ್ಟಲೆ ಕಟ್ಟಿಗೆಯ ಗೂಟಗಳು ಯಾರ ಕಾವಲೂ ಇಲ್ಲದೆ ನಿಂತಿವೆ. ಕಾಯಲು ಒಂದು ಕುರಿಯೂ ಎದುರಿಗೆ ಕಾಣಲಿಲ್ಲ.

ಗಾಲಿಯ ಗಾಳಿ ಸ್ವಲ್ಪ ಇಳಿಸಿಕೊಂಡು ಹತ್ತಿದೆವು. ಒಂದು ಮರವಿಲ್ಲ, ಒಂದು ಪೊದೆಯಿಲ್ಲ. ಜ್ವಾಲಾಮುಖಿಯ ಬೂದಿ ಬಿದ್ದು ನೆಲವೆಲ್ಲ ಕಪ್ಪು. ಮೇಲೆ ಅಲ್ಲಲ್ಲಿ ಹಸಿರು ಪಾಚಿ. ಹಿಂಗಾರಿಗೆ ಹರಗಿ ಬಿಟ್ಟ ನಮ್ಮ ಎರಿ ಹೊಲಗಳ ನಡುವೆಯೇ ಹೋದಂತಿತ್ತು. ನನ್ನ ಕಣ್ಣು ತುಂಬಿ ಬಂದದ್ದು ಚಳಿಗಾಳಿಗೆ ಎಂದು ಮಲ್ಲೇಶಿಗೆ ಹೇಳಿದೆ. ಅರ್ಧ ದಾರಿಗೆ ಅವನು ಸ್ಟೇರಿಂಗ್ ನನಗೆ ಕೊಟ್ಟ. ಅಲ್ಲೇ ಆಗಬಾರದ್ದು ಆಯಿತು.

ಕಪ್ಪು ಮಣ್ಣು

ದಾರಿಗೆ ಅಡ್ಡವಾಗಿ ನೀರು ನಿಂತಿತ್ತು. ಸುತ್ತಲೂ ಕಪ್ಪು ಮಣ್ಣು. ಕಪ್ಪು ಮಣ್ಣಿನಲ್ಲಿ ನಿಂತ ನೀರು ಎಂದರೆ ಏನೆಂದು ನನ್ನ ತಲೆ ಯೋಚಿಸಲೇ ಇಲ್ಲ, ಕೈಗಳೇ ಯೋಚಿಸಿದವು. ನಲವತ್ತು ವರ್ಷ ಎರಿ ಹೊಲದಲ್ಲಿ ಬೆಳೆದ ಕೈಗಳು ಸ್ಟೇರಿಂಗನ್ನು ಎಡಕ್ಕೆ ತಿರುವಿದವು.

"ಏ ಏ ಏ! ಎಲ್ಲಿ ಹೊಂಟಿಯೋ?" ಎಂದು ಮಲ್ಲೇಶಿ ಕೂಗುವುದರೊಳಗೆ ಗಾಡಿ ಗೂಟಗಳ ಆಚೆ ಇಳಿದು, ಪಾಚಿಯ ಮೇಲೆ ಹಾದು, ಮುಂದೆ ದಾರಿಗೆ ಹತ್ತಿ ನಿಂತಿತು.

ಇಳಿದು ನೋಡಿದೆವು. ಹಸಿರು ಪಾಚಿಯಲ್ಲಿ ಎರಡು ಉದ್ದನೆಯ ಗಾಯಗಳು. ನಾನು ಜೇಬಿನ ಟೇಪು ತೆಗೆದದ್ದು ನನಗೇ ಗೊತ್ತಾಗಲಿಲ್ಲ. ಅದೊಂದು ಚಟ.

"ಅಳತಿ ಸಾಯಲಿ, ಗಾಡಿ ಹತ್ತು. ಯಾರೂ ನೋಡಿಲ್ಲ," ಎಂದ ಮಲ್ಲೇಶಿ.

ಅವನು ಅನ್ನುತ್ತಿರುವಾಗಲೇ ಹಿಂದಿನ ತಿರುವಿನಲ್ಲಿ ಇನ್ನೊಂದು ಗಾಡಿ ಕಂಡಿತು. ಬಾಡಿಗೆಯ ಬಿಳಿ ಗಾಡಿ, ಒಳಗೆ ಯಾವುದೋ ದೇಶದ ಮುದುಕ ಮುದುಕಿ. ನೀರಿನ ಹತ್ತಿರ ಬಂದು ನಿಧಾನ ಮಾಡಿದರು. ನನ್ನ ಹೊಸ ಜಾಡು ನೋಡಿದರು. ಇಲ್ಲಿಂದಲೇ ದಾರಿ ಎಂದುಕೊಂಡು, ಎಡಕ್ಕೆ ತಿರುವಿದರು.

ಯಂಕಂಚಿಯಲ್ಲಿ ಹೊರಗಿನವರು ನನ್ನ ಜಾಡು ಹಿಡಿಯಲು ಒಂದು ವಾರ ಬೇಕಾಗಿತ್ತು, ಇಲ್ಲಿ ಎರಡು ನಿಮಿಷವೂ ಹಿಡಿಯಲಿಲ್ಲ. ಮಂಗನಟೋಪಿ, ಎರಡು ಸ್ವೆಟರು, ಕೈಯಲ್ಲಿ ಬಿಚ್ಚಿದ ಟೇಪು, ಈ ಅವತಾರದಲ್ಲಿ ನಾನು ಓಡಿಹೋಗಿ ಜಾಡಿನ ನಡುವೆ ಎರಡೂ ಕೈ ಅಗಲಿಸಿ ನಿಂತೆ. "ಇದು ದಾರಿ ಅಲ್ರೀ! ದಾರಿ ಅಲ್ಲ!" ಎಂದು ಕನ್ನಡದಲ್ಲೇ ಕೂಗಿದೆ. ಮುದುಕಿ ಹೆದರಿ ಗಾಜು ಏರಿಸಿದಳು. ಆದರೆ ಮುದುಕನಿಗೆ ಹೇಗೋ ಅರ್ಥವಾಯಿತು. ಹಿಂದೆ ಸರಿದು, ನೀರಿಗೇ ಇಳಿದು, ಆರಾಮಾಗಿ ದಾಟಿ ಹೋದ. ನೀರು ಕಾಲಿನ ಹರಡು ಮುಳುಗುವಷ್ಟೂ ಇರಲಿಲ್ಲ, ಅಡಿಯಲ್ಲಿ ಸಣ್ಣ ಕಲ್ಲಿನ ಗಟ್ಟಿ ಗರಸು. ಎರಿಯೂ ಇಲ್ಲ, ಮಣ್ಣೂ ಇಲ್ಲ. ನಾನು ಬಣ್ಣ ನೋಡಿ ಮೋಸಹೋಗಿದ್ದೆ.

ಅಲ್ಲೇ ಕಲ್ಲಿನ ಮೇಲೆ ಕೂತು ಮಲ್ಲೇಶಿಗೆ ನೀಲವ್ವನ ಕಥೆ ಮೊದಲಿಂದ ಕೊನೆಯವರೆಗೆ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ.

"ಅಂದ್ರ ನೀ ಮಾಡಿದ ಹಾದಿಗೆ ನೀನ ಪಂಚನಾಮಾ?" ಎಂದ.

"ಹೌದೋ."

"ಆ ಮುದುಕಿ ಕೈಯಾಗ ಸಿಕ್ಕಿದ್ರ ನೀ ಉಳೀತಿದ್ದಿಲ್ಲ ಬಿಡು."

ಅವನೇ ಎದ್ದ. ಗಾಡಿಯನ್ನು ದಾರಿಯಲ್ಲೇ ತಿರುಗಿಸಿ, ನೀರು ದಾಟಿ, ಕಾವಲುಗಾರ್ತಿಯ ಚೌಕಿಗೆ ಹೋದೆವು.

ನೆಲಕ್ಕೊಂದು ಹಣಿಗೆ

ನಾನೇ ಹೇಳಿದೆ: ಗಾಲಿ ನನ್ನದು, ಉದ್ದ ಇಷ್ಟು, ಅಗಲ ಇಷ್ಟು. ಟೇಪು ತೋರಿಸಿದೆ. ಇಷ್ಟು ವರ್ಷಗಳಲ್ಲಿ ಅಳತೆಯ ಸಮೇತ ತಪ್ಪೊಪ್ಪಿಕೊಂಡವನನ್ನು ಅವಳು ನೋಡಿರಲಿಲ್ಲವಂತೆ. ನಗು ಬಂದರೂ ನಗಲಿಲ್ಲ. ಬರೆಯುವುದನ್ನು ಬರೆದುಕೊಂಡಳು. ದಂಡವೂ ಆಯಿತು. ಎಷ್ಟು ಎಂದು ಕೇಳಬೇಡಿ, ನನ್ನ ಹೆಂಡತಿಗೂ ಹೇಳಿಲ್ಲ.

ಆಮೇಲೆ ಚೌಕಿಯ ಹಿಂದಿನಿಂದ ಮೂರು ಹಲ್ಲುಕೋಲು ತಂದಳು. ಉದ್ದ ಹಿಡಿಕೆ, ತುದಿಗೆ ಅಗಲವಾದ ಹಲ್ಲಿನ ಸಾಲು. ಮಲ್ಲೇಶಿ ಅದನ್ನು ನೋಡಿ, "ಭೂಮಿತಾಯಿಗೂ ಹಣಿಗಿ ಮಾಡ್ಯಾರ ನೋಡಲೇ," ಎಂದ. ಜಾಡಿನ ಮೇಲೆ ಆ ಹಣಿಗೆ ಎಳೆದು ಗಾಲಿಯ ಗುರುತು ಅಳಿಸಬೇಕು. ಕಿತ್ತುಹೋದ ಪಾಚಿಯ ಹೆಂಟೆಗಳನ್ನು ಹುಡುಕಿ ಹುಡುಕಿ ಮತ್ತೆ ಅದರ ಜಾಗಕ್ಕೆ ಕೂರಿಸಿ, ಮೇಲೆ ನೀರು ಚಿಮುಕಿಸಬೇಕು. ಗಾಡಿ ಹಾಯ್ದದ್ದು ಮೂರು ಕ್ಷಣ, ಅಳಿಸಲು ಹಿಡಿದದ್ದು ಅರ್ಧ ದಿನ. ಹೆಂಟೆ ಕೂರಿಸುವ ಕೆಲಸದಲ್ಲಿ ಅವಳ ಕೈ ಎಷ್ಟು ಹಗುರವಾಗಿತ್ತೆಂದರೆ, ಸಸಿ ಹಚ್ಚುವ ನಮ್ಮ ಹೆಂಗಸರೇ ನೆನಪಾದರು.

ಯಾಕೆ ಇಷ್ಟು ಕಷ್ಟ, ಮಳೆಗೆ ತಾನೇ ಹೋಗುವುದಿಲ್ಲವೇ ಎಂದು ಕೇಳಿದೆ. ಪಾಚಿ ತಾನಾಗಿ ಮೊದಲಿನಂತಾಗಲು ಬೇಕಾದ ಕಾಲಕ್ಕೆ ನಾವಿಬ್ಬರೂ ಇರುವುದಿಲ್ಲ ಎಂದಳು. ಅಳಿಸುವುದು ಪಾಚಿಗಾಗಿ ಅಷ್ಟೇ ಅಲ್ಲ, ಹಿಂದೆ ಬರುವ ಗಾಡಿಗಾಗಿ. ಜಾಡು ಕಾಣದಿದ್ದರೆ ಅವರು ದಾರಿ ಬಿಡುವುದಿಲ್ಲ.

ಹಲ್ಲುಕೋಲಿಗೆ ಆತು ನಿಂತು ನಾನು ನಾಚಿದೆ. ಬಿಸಿನೀರಿನ ಕೊಳದಲ್ಲಿ ಟವೆಲ್ಲು ಹೋದಾಗಲೂ ಅಷ್ಟು ನಾಚಿರಲಿಲ್ಲ. ಕೆಲಸ ಮುಗಿದ ಮೇಲೆ ಮೂವರೂ ಖಡಕ್ ರೊಟ್ಟಿ, ಚಟ್ನಿ ತಿಂದೆವು. ಅವಳು ಮೊದಲ ಸಲ ಕಚ್ಚಿ, ಹಲ್ಲು ಮುಟ್ಟಿ ನೋಡಿಕೊಂಡು, ಎರಡನೆಯದಕ್ಕೆ ಕೈ ಚಾಚಿದಳು.

ಯಂಕಂಚಿ, ಬಂದ ಮೇಲೆ

ಊರಿಗೆ ಬಂದವನು ಮೊದಲು ಮಾಡಿದ್ದು ನಾಲ್ಕೂ ಜೀಪುಗಳನ್ನು ಯಂಕಂಚಿಗೆ ಕರೆದದ್ದು. ಮುದ್ದೇಬಿಹಾಳದ ಗ್ಯಾರೇಜಿನವ ಸರಪಳಿ ತಂದ, ಇಂಡಿಯವನು ಕೊಡಲಿಗಳನ್ನೂ ಒಂದು ಚೀಲ ನಿಂಬೆಯನ್ನೂ ತಂದ, ಮಾಸ್ತರು ಸಲಹೆ ತಂದರು. ನಕಾಶೆ ಬಿಚ್ಚಿ ನಿಜವಾದ ಬಂಡಿದಾರಿಗೆ ಗುರುತು ಹಾಕಿದೆ. ಎರಡು ರವಿವಾರ ಜಾಲಿ ಕಡಿದು, ಬೊಡ್ಡೆಗಳಿಗೆ ಸರಪಳಿ ಕಟ್ಟಿ ಜೀಪಿನಿಂದ ಎಳೆದೆವು. ಅಷ್ಟು ಮಜಾ ನಮಗೆ ಯಾವ ಗುಡ್ಡದಲ್ಲೂ ಸಿಕ್ಕಿರಲಿಲ್ಲ. ಕೆಸರಿನ ಜಾಗಕ್ಕೆ ಗರಸು ಸುರಿಸಿದೆವು. ದಾರಿ ತೆರೆದದ್ದೇ ಟ್ರ್ಯಾಕ್ಟರಿನವರು ತಾವಾಗಿ ಅತ್ತ ಹೊರಳಿದರು, ಅದೇ ಹತ್ತಿರದ ದಾರಿ.

ನೀಲವ್ವನ ಹೊಲದ ಹಾದಿಯನ್ನು ಮೊದಲು ನೇಗಿಲಿನಿಂದ ಎಬ್ಬಿಸಿ, ಆಮೇಲೆ ಕುಂಟೆ ಹೊಡೆಸಿದೆವು. ಕೊನೆಯ ನಾಲ್ಕು ಮಾರು ಮಾತ್ರ ನಾನೇ ಕೈಯಾರೆ ಸಲಿಕೆ ಹಿಡಿದು ಸಡಿಲಿಸಿದೆ. ಆಕೆ ಬದುವಿನ ಮೇಲೆ ಕೂತು ನೋಡುತ್ತಿದ್ದಳು.

"ಸರ್ವೇದವರು ಯಾವಾಗಿಂದ ಹೊಲಾ ಹರಗಾಕ ಬರಾಕತ್ತೀರಿ?"

"ಹೊಸಾ ಪದ್ಧತಿ ಬೇ ಯವ್ವಾ."

"ಬರದ್ರೇನು? ಯಾರು ಮಾಡ್ಯಾರ ಅಂತ?"

ನಾನು ಉಸಿರು ಒಳಗೆಳೆದುಕೊಂಡು ಹೌದು ಎಂದೆ. ಆ ಚಟ ಇನ್ನೂ ಬಿಟ್ಟಿರಲಿಲ್ಲ.

"ದಮ್ಮು ಐತೇನ್ರಿ ನಿಮಗ?"

"ಇಲ್ಲಬೇ. ಬರದೇನಿ. ಅಂಚಿನ್ಯಾಗ."

ಆಕೆ ಯಾರ ಹೆಸರು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಫಾರ್ಮಿನಲ್ಲಿ ಬರೆದದ್ದು ಇಷ್ಟು: 'ಸದರಿ ದಾರಿಯು ನಕಾಶೆಯಲ್ಲಿ ಕಂಡುಬರುವುದಿಲ್ಲ. ವಹಿವಾಟಿನದೆಂದು ಪರಿಗಣಿಸಲು ಕಾರಣವಿಲ್ಲ.' ಅಂಚಿನಲ್ಲಿ ಬರೆದದ್ದು: 'ಇದರಲ್ಲಿ ಮೊದಲ ಗಾಲಿ ಹಾಯಿಸಿದವನು ಈ ಕೆಳಗೆ ಸಹಿ ಮಾಡಿದವನು.' ಮೇಲಿನವರು ಆ ಅಂಚನ್ನು ಓದಿ, ಇನ್ನೊಬ್ಬ ಭೂಮಾಪಕನನ್ನು ಮತ್ತೆ ಅಳೆಯಲು ಕಳಿಸಿದರು. ಅವನೂ ದಾರಿ ಇಲ್ಲವೆಂದೇ ಬರೆದ. ನನ್ನಿಂದ ವಿವರಣೆ ಕೇಳಿದ್ದಾರೆ. ಬರೆಯುತ್ತಿದ್ದೇನೆ. ಬೇಕಾದರೆ ಇದನ್ನೇ ಅದರ ಕರಡು ಎಂದು ತಿಳಿಯಿರಿ.

ಹಿಂಗಾರಿನಲ್ಲಿ ಕಡಲೆ ಬಿತ್ತಿದಳು. ಗಿಡ ಗೇಣುದ್ದ ಆದಾಗ ನಾನು ಆ ಕಡೆ ಹೋಗಿದ್ದೆ. ಹೊಲವೆಲ್ಲ ಹಸಿರು ತುಂಬಿತ್ತು. ಆದರೆ ಓರೆಯಾಗಿ ನೋಡಿದರೆ ನಟ್ಟನಡುವೆ ಎರಡು ಗೆರೆ ಕಾಣುತ್ತಿದ್ದವು. ಎಷ್ಟು ಹರಗಿದರೂ ಗಾಲಿ ತುಳಿದ ನೆಲ ಪೂರಾ ಸಡಿಲಾಗಿರಲಿಲ್ಲ, ಆ ಎರಡು ಸಾಲಿನ ಗಿಡಗಳು ಗಿಡ್ಡ. ನನ್ನ ಕೈ ತಾನೇ ಜೇಬಿಗೆ ಹೋಯಿತು. ಟೇಪು ಬಿಚ್ಚಿ, ಒಂದು ಗೆರೆಯ ಮೇಲೆ ತುದಿ ಇಟ್ಟು, ಇನ್ನೊಂದು ಗೆರೆಯತ್ತ ಎಳೆಯತೊಡಗಿದೆ.

ಕಡಲೆ ಚಿವುಟುತ್ತಿದ್ದ ನೀಲವ್ವ ತಲೆ ಎತ್ತದೆಯೇ ಹೇಳಿದಳು:

"ಅಳೀಬ್ಯಾಡ್ರಿ ಸಾಹೇಬ್ರ. ನಿಮ್ಮುವ ಅದಾವ. ಕೆಂಪು ಜೀಪಿಂದು."